‘ಮಾರಿಬಿಡು’ ಎಂದ ದನಿ: ಜಾನ್ ಬನ್ಯನ್ ಪ್ರಕರಣ

ಇಂಗ್ಲೆಂಡಿನ ಬೆಡ್‌ಫರ್ಡ್ ಊರಿನ ಸುತ್ತಮುತ್ತ 1650ರ ದಶಕದಲ್ಲಿ ಪಾತ್ರೆಗಳಿಗೆ ತೇಪೆ ಹಾಕಿ, ಬೆಸುಗೆ ಮಾಡಿ ಬದುಕುತ್ತಿದ್ದ ಒಬ್ಬ ಯುವಕನಿದ್ದ. ಹೆಸರು ಜಾನ್ ಬನ್ಯನ್. ಯೇಸುವನ್ನು ಮನಸಾರೆ ಪ್ರೀತಿಸುತ್ತಿದ್ದ. ಅಂಥವನ ತಲೆಯೊಳಗೆ ಸುಮಾರು ಒಂದು ವರ್ಷ ಒಂದೇ ಮಾತು ಸುತ್ತಿತು: ಕ್ರಿಸ್ತನನ್ನು ಮಾರಿಬಿಡು. ಊಟಕ್ಕೆ ಕೂತರೂ ಅದೇ, ಬಿದ್ದ ಗುಂಡುಸೂಜಿ ಎತ್ತಿಕೊಳ್ಳಲು ಬಗ್ಗಿದರೂ ಅದೇ, ಕಟ್ಟಿಗೆ ಒಡೆಯುವಾಗಲೂ ಅದೇ. ಇದಕ್ಕಾಗಿ ಮಾರಿಬಿಡು, ಅದಕ್ಕಾಗಿ ಮಾರಿಬಿಡು. ಕೆಲವು ಸಲ ಒಂದೇ ಉಸಿರಿಗೆ ನೂರು ಸಲ. ನಿದ್ದೆ ಬಂದಾಗ ಮಾತ್ರ ಬಿಡುವು.

ಆಮೇಲೆ ಒಂದು ಬೆಳಿಗ್ಗೆ ಅವನು ಸೋತ. ಸೋತೆ ಅಂತ ಅವನಿಗೆ ಅನ್ನಿಸಿತು. ಮುಂದಿನ ಎರಡು ವರ್ಷ ತನಗೆ ಕ್ಷಮೆಯೇ ಇಲ್ಲ ಎಂದು ನಂಬಿ ನರಳಿದ.

ಈ ಪ್ರಕರಣವನ್ನು ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ‘ನನಗೆ ಬರುವಂಥ ಕೆಟ್ಟ ಯೋಚನೆ ಬೇರೆ ಯಾವ ವಿಶ್ವಾಸಿಗೂ ಬರುವುದಿಲ್ಲ’ ಎಂದು ಒಳಗೊಳಗೇ ಕೊರಗುವವರು ತುಂಬ ಜನ. ಆರಾಧನೆಯ ನಡುವೆ ಅಸಹ್ಯವಾದ ಮಾತು ತಲೆಗೆ ನುಗ್ಗುತ್ತದೆ. ಕ್ಷಮೆಯೇ ಇಲ್ಲದ ಪಾಪ ಎನ್ನುವ ಪವಿತ್ರಾತ್ಮ ದೂಷಣೆ ಮಾಡಿಬಿಟ್ಟೆನೇನೋ ಎಂಬ ಭಯ ಹಿಡಿಯುತ್ತದೆ. ಯಾರಿಗೂ ಹೇಳಲಾಗದು. ಬನ್ಯನ್ ಇದನ್ನೆಲ್ಲ ಅನುಭವಿಸಿದ. ಅಷ್ಟೇ ಅಲ್ಲ, 1666ರಲ್ಲಿ ಜೈಲಿನಲ್ಲಿ ಕೂತು, ಏನನ್ನೂ ಮುಚ್ಚಿಡದೆ ಬರೆದಿಟ್ಟ. ಈ ಬರಹಕ್ಕೆ ಆಧಾರ ಅವನದೇ ಮಾತು.

ಮೊದಲಿನ ಭಯಗಳು

ಅವನು ಹುಟ್ಟಿದ್ದು 1628ರಲ್ಲಿ, ಬೆಡ್‌ಫರ್ಡ್ ಪಕ್ಕದ ಎಲ್‌ಸ್ಟೋ ಹಳ್ಳಿಯಲ್ಲಿ. ಹದಿನಾರರ ಹೊತ್ತಿಗೆ ತಾಯಿ ತೀರಿಕೊಂಡರು. ತಿಂಗಳ ಒಳಗೆ ತಂಗಿಯೂ ಹೋದಳು. ಅದೇ ವರ್ಷ, ಅಂದರೆ 1644ರಲ್ಲಿ, ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ರಾಜನ ವಿರುದ್ಧ ಹೋರಾಡುತ್ತಿದ್ದ ಪಾರ್ಲಿಮೆಂಟ್ ಸೈನ್ಯ ಸೇರಿದ. ಒಂದು ಮುತ್ತಿಗೆಗೆ ಅವನು ಹೋಗಬೇಕಿತ್ತು, ಇನ್ನೊಬ್ಬ ‘ನಾನು ಹೋಗುತ್ತೇನೆ’ ಎಂದು ಅವನ ಜಾಗದಲ್ಲಿ ಹೋದ. ಆ ಇನ್ನೊಬ್ಬನ ತಲೆಗೆ ಗುಂಡು ಬಿತ್ತು, ಸತ್ತ. ಮದುವೆಯಾದ ಮೇಲೆ ಹುಟ್ಟಿದ ಮೊದಲ ಮಗಳು ಮೇರಿಗೆ ಕಣ್ಣು ಕಾಣುತ್ತಿರಲಿಲ್ಲ. ಇಷ್ಟು ಸಾಕು. ಭಯ ಒಬ್ಬ ಮನುಷ್ಯನೊಳಗೆ ಸುಮ್ಮನೆ ಬಂದು ಕೂರುವುದಿಲ್ಲ. ಅದಕ್ಕೊಂದು ಹಿಂದಿನ ಕಥೆ ಇರುತ್ತದೆ. ನಂಬಿಕೆ ಕಡಿಮೆ ಅಂತ ಬೈಯುವ ಮುಂಚೆ ಆ ಕಥೆ ಕೇಳುವುದು ಒಳ್ಳೆಯದು.

ಅವನಿಗೆ ನಿಜವಾದ ಪಾಪಗಳೂ ಇದ್ದವು. ಬಾಯಿ ತೆರೆದರೆ ಬೈಗುಳ, ಆಣೆ. ಒಂದು ದಿನ ನೆರೆಯವರ ಅಂಗಡಿಯ ಕಿಟಕಿ ಹತ್ತಿರ ನಿಂತು ಹೀಗೇ ಬಾಯಿ ಹರಿಯಬಿಟ್ಟಿದ್ದ. ಒಳಗಿದ್ದ ಹೆಂಗಸು, ಅವಳೇನೂ ಒಳ್ಳೆಯ ಹೆಸರಿನವಳಲ್ಲ, ‘ನಿನ್ನಷ್ಟು ಕೆಟ್ಟ ಬಾಯಿಯವನನ್ನು ನಾನು ಕಂಡೇ ಇಲ್ಲ, ಕೇಳಿದರೆ ನಡುಕ ಬರುತ್ತದೆ’ ಎಂದಳು. ಬನ್ಯನ್ ತಲೆ ತಗ್ಗಿಸಿ ನಿಂತ. ಮತ್ತೆ ಚಿಕ್ಕ ಮಗುವಾಗಿ, ಬೈಗುಳ ಇಲ್ಲದ ಮಾತನ್ನು ಅಪ್ಪನಿಂದ ಕಲಿಯುವಂತಿದ್ದರೆ ಎಂದು ಆಸೆಪಟ್ಟ. ಅಂದಿನಿಂದ ಬೈಗುಳ ಬಿಟ್ಟ. ಹೇಗೆ ಬಿಟ್ಟೆ ಅಂತ ಅವನಿಗೇ ಆಶ್ಚರ್ಯ.

ಇದನ್ನು ಗಮನಿಸಿ. ನಿಜವಾದ ತಪ್ಪಿಗೆ ಒಂದು ಹೆಸರಿರುತ್ತದೆ. ಯಾವಾಗ, ಯಾರಿಗೆ, ಏನು ಮಾಡಿದೆ ಎಂದು ಹೇಳಬಹುದು. ಒಪ್ಪಿಕೊಳ್ಳಬಹುದು, ಬಿಡಬಹುದು, ಸರಿಪಡಿಸಬಹುದು. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 7ನೇ ಅಧ್ಯಾಯದಲ್ಲಿ ದೇವರ ಚಿತ್ತಕ್ಕೆ ಸರಿಯಾದ ದುಃಖ ಮಾನಸಾಂತರಕ್ಕೆ ನಡೆಸುತ್ತದೆ ಎನ್ನುವುದು ಇದನ್ನೇ. ಬನ್ಯನ್‌ನ ಮುಂದಿನ ನೋವು ಈ ಜಾತಿಯದಲ್ಲ.

ಅವನಿಗೆ ಚರ್ಚಿನ ಗಂಟೆ ಬಾರಿಸುವುದೆಂದರೆ ತುಂಬ ಇಷ್ಟ. ಭಕ್ತಿಗೆ ಬಂದ ಮೇಲೆ ಅದು ವ್ಯರ್ಥ ಚಟ ಅನ್ನಿಸಿ ಬಿಟ್ಟ. ಆದರೂ ಹೋಗಿ ನೋಡುತ್ತಾ ನಿಲ್ಲುತ್ತಿದ್ದ. ಗಂಟೆ ಕಳಚಿ ತಲೆ ಮೇಲೆ ಬಿದ್ದರೆ? ದಪ್ಪ ತೊಲೆಯ ಕೆಳಗೆ ಹೋಗಿ ನಿಂತ. ಗಂಟೆ ಬಿದ್ದು ಗೋಡೆಗೆ ಬಡಿದು ಚಿಮ್ಮಿ ಬಂದರೆ? ಬಾಗಿಲಿಗೆ ಬಂದು ನಿಂತ. ಇನ್ನು ಗೋಪುರವೇ ಕುಸಿದರೆ? ಕೊನೆಗೆ ಓಡಿಹೋದ. ಜಾಗ ಬದಲಾಯಿಸಿದಷ್ಟೂ ಭಯವೂ ಜಾಗ ಬದಲಾಯಿಸಿತು. ಭಯಕ್ಕೆ ಪುರಾವೆ ಕೊಟ್ಟು ಸಮಾಧಾನ ಮಾಡಲು ಆಗುವುದಿಲ್ಲ. ಇನ್ನೊಂದು ಪುರಾವೆ ಕೇಳುತ್ತದೆ, ಅಷ್ಟೇ.

ಇನ್ನೊಂದು ಸಲ ಎಲ್‌ಸ್ಟೋದಿಂದ ಬೆಡ್‌ಫರ್ಡಿಗೆ ಹೋಗುವ ದಾರಿಯಲ್ಲಿ ತನಗೆ ನಂಬಿಕೆ ಇದೆಯೋ ಇಲ್ಲವೋ ಪರೀಕ್ಷೆ ಮಾಡಲು ಹೊರಟ. ಕುದುರೆಗಳ ಹೆಜ್ಜೆಗುಳಿಗಳಲ್ಲಿ ನೀರು ನಿಂತಿತ್ತು. ‘ಒಣಗು’ ಎಂದು ಹೇಳಿ ನೋಡಲೇ? ಹೇಳುವ ಮುಂಚೆ ಬೇಲಿ ಪಕ್ಕ ಪ್ರಾರ್ಥನೆ ಮಾಡೋಣ ಅನ್ನಿಸಿತು. ಪ್ರಾರ್ಥನೆ ಮಾಡಿಯೂ ನೀರು ಒಣಗದಿದ್ದರೆ ನಾನು ಕೆಟ್ಟೆ ಎಂದೇ ಅರ್ಥ, ಅಲ್ವಾ? ಬೇಡಪ್ಪ ಎಂದು ಬಿಟ್ಟ. ಬಿಟ್ಟಿದ್ದು ಒಳ್ಳೆಯದೇ ಆಯಿತು. ಆದರೆ ತನ್ನೊಳಗೆ ಗುರುತು ಹುಡುಕುವ ಅಭ್ಯಾಸ ಮಾತ್ರ ಬಿಡಲಿಲ್ಲ. ಈ ಪ್ರಕರಣದ ಗಂಟು ಅಲ್ಲಿಯೇ ಇದೆ.

ಬಿಸಿಲಿನಲ್ಲಿ ಕೂತ ಹೆಂಗಸರು

ಒಂದು ದಿನ ಬೆಡ್‌ಫರ್ಡಿನಲ್ಲಿ ಕೆಲಸಕ್ಕೆ ಹೋದಾಗ ಮೂರು ನಾಲ್ಕು ಮಂದಿ ಬಡ ಹೆಂಗಸರು ಬಾಗಿಲ ಬಳಿ ಬಿಸಿಲಿಗೆ ಕೂತು ಮಾತಾಡುತ್ತಿದ್ದರು. ದೇವರು ತಮ್ಮ ಹೃದಯದಲ್ಲಿ ಮಾಡಿದ ಕೆಲಸದ ಬಗ್ಗೆ, ಹೊಸ ಹುಟ್ಟಿನ ಬಗ್ಗೆ, ಸೈತಾನನ ಶೋಧನೆಗಳಲ್ಲಿ ಯಾವ ವಾಗ್ದಾನ ತಮಗೆ ಆಸರೆಯಾಯಿತು ಎಂಬುದರ ಬಗ್ಗೆ. ಧರ್ಮದ ವಿಷಯ ಚೆನ್ನಾಗಿಯೇ ಮಾತಾಡುತ್ತಿದ್ದ ಬನ್ಯನ್‌ಗೆ ಇವರ ಮಾತು ಅರ್ಥವೇ ಆಗಲಿಲ್ಲ. ಆದರೆ ಅವರು ಸಂತೋಷದಿಂದ ಮಾತಾಡುತ್ತಿದ್ದರು. ಅದು ಅವನನ್ನು ಹಿಡಿದು ನಿಲ್ಲಿಸಿತು. ಮತ್ತೆ ಮತ್ತೆ ಅವರ ಹತ್ತಿರ ಹೋದ. ಅವರೇ ಅವನ ವಿಷಯವನ್ನು ತಮ್ಮ ಸಭಾಪಾಲಕ ಜಾನ್ ಗಿಫರ್ಡ್‌ಗೆ ತಿಳಿಸಿದರು.

ಗಿಫರ್ಡ್ ಒಂದು ಕಾಲಕ್ಕೆ ರಾಜನ ಸೈನ್ಯದಲ್ಲಿ ಮೇಜರ್. ಕುಡಿತ, ಜೂಜು ಎಲ್ಲ ಕಂಡವರು. ಬನ್ಯನ್ ಇದ್ದದ್ದು ಎದುರು ಸೈನ್ಯದಲ್ಲಿ. ಅವರು ಈ ಹುಡುಗನನ್ನು ಮನೆಗೆ ಕರೆದು, ಬೇರೆಯವರು ತಮ್ಮ ಆತ್ಮಿಕ ಹೋರಾಟ ಹೇಳಿಕೊಳ್ಳುವುದನ್ನು ಕೇಳಲು ಕೂರಿಸಿದರು. ತಕ್ಷಣ ನೆಮ್ಮದಿ ಸಿಕ್ಕಿತೇ? ಇಲ್ಲ. ತನ್ನ ಹೃದಯದ ಕೊಳಕು ಇನ್ನೂ ಜಾಸ್ತಿ ಕಾಣತೊಡಗಿತು ಎಂದು ಬನ್ಯನ್ ಬರೆಯುತ್ತಾನೆ. ಆದರೆ ಈಗ ಅವನು ಒಂಟಿಯಲ್ಲ.

ಇದೇ ಸಮಯದಲ್ಲಿ ಒಂದು ಹಳೇ ಪುಸ್ತಕ ಕೈಗೆ ಸಿಕ್ಕಿತು. ಗಲಾತ್ಯದವರಿಗೆ ಬರೆದ ಪತ್ರಿಕೆಗೆ ಹದಿನಾರನೇ ಶತಮಾನದ ಜರ್ಮನ್ ಸುಧಾರಕ ಮಾರ್ಟಿನ್ ಲೂಥರ್ ಬರೆದ ವ್ಯಾಖ್ಯಾನ. ಹಾಳೆ ತಿರುವಿದರೆ ಉದುರುವಷ್ಟು ಹಳೆಯದು. ಓದಿದರೆ ತನ್ನ ಹೃದಯದಿಂದಲೇ ಎತ್ತಿ ಬರೆದಂತಿತ್ತು. ಲೂಥರ್ ಕೂಡ ಮಠದಲ್ಲಿದ್ದಾಗ ಒಂದೊಂದು ಪಾಪವನ್ನೂ ಹೆಕ್ಕಿ ಹೆಕ್ಕಿ ಅರಿಕೆ ಮಾಡಿ, ಎದ್ದು ಬರುವಾಗಲೇ ಬಿಟ್ಟುಹೋದದ್ದು ಇನ್ನೊಂದು ನೆನಪಾಗಿ ಒದ್ದಾಡಿದವನು. ಹಿಂದೆ ಇದೇ ನೋವು ಉಂಡ ಒಬ್ಬರಿದ್ದಾರೆ ಎಂದು ತಿಳಿಯುವುದೇ ಅರ್ಧ ಔಷಧಿ.

ಮಾರಿಬಿಡು

ಒಂದಿಷ್ಟು ಕಾಲ ಮನಸ್ಸು ತಿಳಿಯಾಯಿತು. ಕ್ರಿಸ್ತನನ್ನು ಎಷ್ಟು ಪ್ರೀತಿಸುತ್ತೇನೆ ಎಂದು ಅವನಿಗೇ ಬೆರಗು. ಆ ಪ್ರೀತಿ ಬಲವಾಗಿದ್ದಾಗಲೇ ಹೊಡೆತ ಬಿತ್ತು. ಯಾವುದು ಅತಿ ಪ್ರಿಯವೋ ಅದನ್ನೇ ಮಾರಿಬಿಡು ಎಂಬ ಮಾತು.

ಬೇಡದ ಯೋಚನೆಗಳು ಹೀಗೇ. ಯಾವುದನ್ನು ಕಳೆದುಕೊಳ್ಳಲು ಮನಸ್ಸು ಅತಿ ಹೆಚ್ಚು ಹೆದರುತ್ತದೋ ಅದರ ಸುತ್ತಲೇ ಸುತ್ತುತ್ತವೆ. ಮಗುವನ್ನು ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸುವ ತಾಯಿಗೆ ಮಗುವಿಗೆ ಏನಾದರೂ ಮಾಡಿಬಿಡುತ್ತೇನೇನೋ ಎಂಬ ಭಯ. ದೇವರನ್ನು ಪ್ರೀತಿಸುವವನಿಗೆ ದೇವದೂಷಣೆಯ ಭಯ. ದೇವರ ಗೊಡವೆಯೇ ಇಲ್ಲದವನು ಈ ವಿಷಯಕ್ಕೆ ಒಂದು ರಾತ್ರಿಯ ನಿದ್ದೆಯನ್ನೂ ಕಳೆದುಕೊಳ್ಳುವುದಿಲ್ಲ.

ಬನ್ಯನ್ ಏನು ಮಾಡಿದ? ಉತ್ತರ ಕೊಟ್ಟ. ‘ಮಾರಿಬಿಡು’ ಎಂದು ಬಂದ ಪ್ರತಿ ಸಲವೂ ‘ಮಾರುವುದಿಲ್ಲ, ಮಾರುವುದಿಲ್ಲ, ಸಾವಿರ ಸಾವಿರ ಲೋಕ ಕೊಟ್ಟರೂ ಇಲ್ಲ’ ಎಂದ. ಎಷ್ಟು ಜೋರಾಗಿ ಎಂದರೆ ಮೈಯೂ ಜೊತೆಗೆ ಅಲುಗುತ್ತಿತ್ತು. ಎದುರಿಗೆ ಯಾರೋ ನಿಂತಿದ್ದಾರೇನೋ ಎಂಬಂತೆ ಕೈಯಿಂದ, ಮೊಣಕೈಯಿಂದ ತಳ್ಳುತ್ತಿದ್ದ. ಉತ್ತರ ತಡವಾದರೆ ಒಪ್ಪಿದಂತಾಗುತ್ತದೆ ಎಂಬ ಹೆದರಿಕೆ.

ಅವನು ಬರೆದಿಟ್ಟಿದ್ದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಜಾಗ ಇನ್ನೊಂದು. ಊಟಕ್ಕೆ ಕೂತಾಗ ಒಳಗಿನಿಂದ ‘ಏಳು, ಈಗಲೇ ಹೋಗಿ ಪ್ರಾರ್ಥನೆ ಮಾಡು’ ಎಂಬ ಒತ್ತಾಯ. ‘ಊಟ ಮುಗಿಸಿ ಹೋಗುತ್ತೇನೆ’ ಎಂದರೆ ‘ಇಲ್ಲ, ಈಗಲೇ ಹೋಗಬೇಕು. ಹೋಗದಿದ್ದರೆ ದೇವರಿಗೆ ಕೋಪ, ಕ್ರಿಸ್ತನನ್ನು ಕಡೆಗಣಿಸಿದಂತೆ’. ತಟ್ಟೆ ಬಿಟ್ಟು ಎದ್ದು ಹೋಗಬೇಕು. ಇದು ಭಕ್ತಿಯ ವೇಷ ಹಾಕಿದ ಸೈತಾನ ಎಂದು ಬನ್ಯನ್‌ಗೆ ಆಮೇಲೆ ಹೊಳೆಯಿತು. ಆ ಹೊತ್ತಿಗೆ ಹೊಳೆಯಲಿಲ್ಲ. ದೇವರ ಮಾತೇ ಇರಬಹುದು ಎಂದುಕೊಂಡು ಪಾಲಿಸಿದ.

ಪ್ರಾರ್ಥನೆ ಒಳ್ಳೆಯದು. ಆದರೆ ‘ಈ ಕ್ಷಣ ಮಾಡದಿದ್ದರೆ ಕೆಡುತ್ತೀಯ’ ಎಂದು ಕುತ್ತಿಗೆ ಹಿಡಿದು ಎಬ್ಬಿಸುವ ದನಿ ಕುರುಬನ ದನಿಯಲ್ಲ. ಸುವಾರ್ತೆಗಳಲ್ಲಿ ಯೇಸು ಯಾರನ್ನಾದರೂ ಊಟದಿಂದ ಎಬ್ಬಿಸಿ ಪ್ರಾರ್ಥನೆಗೆ ಓಡಿಸಿದ್ದು ಇಲ್ಲ. ಪಾಪಿಗಳ ಜೊತೆ ಊಟಕ್ಕೆ ಕೂತಿದ್ದು ಇದೆ. ಯಾವ ಪ್ರಾರ್ಥನೆಯನ್ನು ಭಯ ಬರೆಯುತ್ತದೋ ಅದನ್ನು ಮತ್ತೆ ಮತ್ತೆ ಹೇಳಿದಷ್ಟೂ ಭಯವೇ ಬಲವಾಗುತ್ತದೆ. ಒಂದೇ ಪಾಪವನ್ನು ಐದು ಸಲ ಅರಿಕೆ ಮಾಡಿ, ‘ಸರಿಯಾಗಿ ಹೇಳಿದೆನೋ ಇಲ್ಲವೋ’ ಎಂದು ಆರನೇ ಸಲ ಮೊಣಕಾಲೂರುವವರು ಇದನ್ನು ಬಲ್ಲರು.

ಆ ಬೆಳಿಗ್ಗೆ

ಹಾಸಿಗೆಯಲ್ಲಿ ಮಲಗಿದ್ದ. ಎಂದಿನ ದಾಳಿ. ಮಾರು, ಮಾರು, ಮಾರು. ಎಂದಿನಂತೆ ಇಲ್ಲ, ಇಲ್ಲ. ಉಸಿರು ಕಟ್ಟುವವರೆಗೆ. ಕೊನೆಗೆ ಒಂದು ಯೋಚನೆ ಹಾದುಹೋಯಿತು: ‘ಹೋಗುವುದಾದರೆ ಹೋಗಲಿ ಬಿಡು.’ ಮನಸ್ಸು ಅದಕ್ಕೆ ಒಪ್ಪಿದಂತೆಯೂ ಅನ್ನಿಸಿತು. ಮರದ ತುದಿಯಿಂದ ಗುಂಡೇಟಿಗೆ ಉದುರಿದ ಹಕ್ಕಿಯಂತೆ ಬಿದ್ದೆ ಎಂದು ಬರೆಯುತ್ತಾನೆ. ಎದ್ದು ಹೊಲಕ್ಕೆ ಹೋದ. ಎರಡು ಗಂಟೆ ಜೀವ ಇಲ್ಲದವನಂತೆ ಇದ್ದ.

ಇಲ್ಲಿ ಸ್ವಲ್ಪ ನಿಲ್ಲೋಣ. ಅವನು ಮಾಡಿದ್ದು ಏನು?

ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ‘ನನಗೆ ಅಡ್ಡಬಿದ್ದು ನಮಸ್ಕರಿಸು’ ಎಂಬ ಮಾತು ಯೇಸುವಿನ ಕಿವಿಗೂ ಬಿತ್ತು. ಅದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ. ಅದು ಬಂದದ್ದರಿಂದ ಯೇಸು ಅಶುದ್ಧನಾಗಲಿಲ್ಲ. ಆತನು ಎಲ್ಲ ವಿಷಯಗಳಲ್ಲಿ ನಮ್ಮ ಹಾಗೆಯೇ ಶೋಧನೆಗೆ ಗುರಿಯಾದರೂ ಪಾಪರಹಿತನು ಎಂದು ಇಬ್ರಿಯರಿಗೆ ಬರೆದ ಪತ್ರಿಕೆ 4:15 ಹೇಳುತ್ತದೆ. ಹಾಗಾದರೆ ಶೋಧನೆ ಬರುವುದೇ ಪಾಪವಲ್ಲ. ಯಾಕೋಬನ ಪತ್ರಿಕೆ 1:14-15ರ ಪ್ರಕಾರ ಆಸೆ ಎಳೆಯುತ್ತದೆ, ಮರುಳು ಮಾಡುತ್ತದೆ, ಬಸುರಾಗಿ ಪಾಪವನ್ನು ಹೆರುತ್ತದೆ. ಅಲ್ಲಿ ಒಂದು ಬಯಕೆ ಇದೆ. ಬನ್ಯನ್‌ಗೆ ಕ್ರಿಸ್ತನನ್ನು ಮಾರಿ ಪಡೆಯಬೇಕಾದದ್ದು ಏನಿತ್ತು? ಏನೂ ಇರಲಿಲ್ಲ. ದಣಿದ ಮನಸ್ಸು ಹೋರಾಟವನ್ನು ಒಂದು ಕ್ಷಣ ಕೈಬಿಟ್ಟಿತು, ಅಷ್ಟೇ. ದಣಿವನ್ನು ಅವನು ದ್ರೋಹ ಎಂದು ಓದಿದ.

ಎರಡು ವರ್ಷ

ಅಂದಿನಿಂದ ಒಂದು ವಚನ ಅವನ ಬೆನ್ನು ಹತ್ತಿತು. ಇಬ್ರಿಯರಿಗೆ 12:16-17. ಒಂದು ಊಟಕ್ಕಾಗಿ ಚೊಚ್ಚಲುತನದ ಹಕ್ಕನ್ನು ಮಾರಿದ ಏಸಾವ, ಆಮೇಲೆ ಕಣ್ಣೀರಿಟ್ಟು ಬೇಡಿದರೂ ತಿರಸ್ಕೃತನಾದ. ‘ಮಾರಿದ’ ಎಂಬ ಪದ ಸಾಕಾಯಿತು. ನಾನೇ ಏಸಾವ.

ಆಮೇಲೆ ಲೆಕ್ಕ ಶುರುವಾಯಿತು. ದಾವೀದನ ಪಾಪ ದೊಡ್ಡದು, ಆದರೆ ಧರ್ಮಶಾಸ್ತ್ರಕ್ಕೆ ವಿರುದ್ಧ. ನನ್ನದು ರಕ್ಷಕನಿಗೇ ವಿರುದ್ಧ. ಪೇತ್ರ ಯೇಸುವನ್ನು ಅರಿಯೆನೆಂದ, ಅದು ನನ್ನದಕ್ಕೆ ಹತ್ತಿರ, ಆದರೂ ಅವನು ಮಾರಲಿಲ್ಲ. ಹಾಗಾದರೆ ನಾನು ಯೇಸುವನ್ನು ಹಣಕ್ಕೆ ಹಿಡಿದುಕೊಟ್ಟ ಯೂದನ ಸಾಲಿನವನು. ಅಲ್ಲಿಯೂ ಒಂದು ವ್ಯತ್ಯಾಸ ಅವನ ಕಣ್ಣಿಗೆ ಬಿತ್ತು: ಯೂದ ಯೋಚಿಸಿ, ಬೇಕೆಂದೇ ಮಾಡಿದ, ನನ್ನದು ಪ್ರಾರ್ಥನೆ ಮಾಡುತ್ತಾ ಹೋರಾಡುತ್ತಿದ್ದಾಗ ಅವಸರದಲ್ಲಿ ಆದದ್ದು. ಎಷ್ಟು ಸರಿಯಾಗಿ ಕಂಡಿದ್ದಾನೆ! ಆದರೂ ಆ ಸಮಾಧಾನ ಹೊತ್ತು ನಿಲ್ಲಲಿಲ್ಲ. ಭಯದಲ್ಲಿರುವವನು ತನ್ನ ಪರವಾದ ಸಾಕ್ಷಿಯನ್ನು ಕೇಳಿಯೂ ಕೇಳದಂತಿರುತ್ತಾನೆ.

ಮೈಗೂ ತಟ್ಟಿತು. ದಿನಗಟ್ಟಲೆ ನಡುಕ. ಹೊಟ್ಟೆಯಲ್ಲಿ ಉರಿ, ಬಿಗಿತ. ಎದೆಯ ಮೂಳೆ ಸೀಳಿಹೋಗುತ್ತದೇನೋ ಅನ್ನಿಸುತ್ತಿತ್ತು. ಪಕ್ಕದ ಊರಿನಲ್ಲಿ ಒಮ್ಮೆ ಬೀದಿಯ ಬೆಂಚಿನ ಮೇಲೆ ಕೂತಾಗ, ಸೂರ್ಯನೇ ತನಗೆ ಬೆಳಕು ಕೊಡಲು ಹಿಂಜರಿಯುತ್ತಿದ್ದಾನೆ, ಬೀದಿಯ ಕಲ್ಲು, ಮನೆಗಳ ಹಂಚು ಎಲ್ಲವೂ ತನ್ನ ವಿರುದ್ಧ ನಿಂತಿವೆ ಅನ್ನಿಸಿತು.

ಅದೇ ಕಾಲದಲ್ಲಿ ಧೈರ್ಯ ಮಾಡಿ ಒಬ್ಬ ವಯಸ್ಸಾದ ವಿಶ್ವಾಸಿಯ ಹತ್ತಿರ ಎಲ್ಲ ಹೇಳಿಕೊಂಡ. ಪವಿತ್ರಾತ್ಮನಿಗೆ ವಿರುದ್ಧವಾದ ಪಾಪ ಮಾಡಿದ್ದೇನೆಂದು ನನಗೆ ಭಯ ಎಂದ. ಆ ಹಿರಿಯರು ‘ನನಗೂ ಹಾಗೇ ಅನ್ನಿಸುತ್ತದೆ’ ಎಂದರು.

ಈ ಮಾತು ಓದಿದಾಗಲೆಲ್ಲ ಸಂಕಟವಾಗುತ್ತದೆ. ಅವರು ಕೆಟ್ಟವರಲ್ಲ. ಒಳ್ಳೆಯ ಮನುಷ್ಯ, ಆದರೆ ಇಂಥ ಹೋರಾಟದ ಪರಿಚಯವೇ ಇಲ್ಲದವರು ಎಂದು ಬನ್ಯನ್ ಅವರ ಬಗ್ಗೆ ದಯೆಯಿಂದಲೇ ಬರೆದಿದ್ದಾನೆ. ಸತ್ಯವೇದ ತೆರೆದು ಆ ಭಾಗವನ್ನು ಅವನ ಜೊತೆ ಕೂತು ಓದಿದ್ದರೆ ಸಾಕಿತ್ತು. ಮಾರ್ಕನ ಸುವಾರ್ತೆಯ 3ನೇ ಅಧ್ಯಾಯದಲ್ಲಿ, ಪವಿತ್ರಾತ್ಮನನ್ನು ದೂಷಿಸುವವನಿಗೆ ಕ್ಷಮೆಯಿಲ್ಲ ಎಂಬ ಎಚ್ಚರಿಕೆಯನ್ನು ಯೇಸು ಕೊಟ್ಟದ್ದು ಯಾರಿಗೆ? ಯೆರೂಸಲೇಮಿನಿಂದ ಬಂದ ಶಾಸ್ತ್ರಿಗಳಿಗೆ. ಆತನು ದೆವ್ವ ಬಿಡಿಸಿದ್ದನ್ನು ಕಣ್ಣಾರೆ ಕಂಡು, ಇದು ದೆವ್ವಗಳ ಒಡೆಯನ ಸಹಾಯದಿಂದ ಎಂದು ಸಾರುತ್ತಿದ್ದವರಿಗೆ. ಯಾಕೆ ಹೀಗೆ ಹೇಳಿದನೆಂಬ ಕಾರಣವನ್ನು 30ನೇ ವಚನದಲ್ಲಿ ಮಾರ್ಕನೇ ಕೊಡುತ್ತಾನೆ. ಅವರಿಗೆ ಅಳುಕಿರಲಿಲ್ಲ, ಕ್ಷಮೆ ಬೇಕಿರಲಿಲ್ಲ, ಯೇಸುವೇ ಬೇಕಿರಲಿಲ್ಲ. ಅದೇ ಮಾತಿನ ಮೊದಲ ಭಾಗವನ್ನು ಹೆದರಿದವರು ಓದುವುದೇ ಇಲ್ಲ: ಮನುಷ್ಯರು ಮಾಡುವ ಎಲ್ಲ ಪಾಪಗಳಿಗೂ ಆಡುವ ದೂಷಣೆಗಳಿಗೂ ಕ್ಷಮಾಪಣೆ ಇದೆ.

ತಿರುವು

ಬಿಡುಗಡೆ ಒಂದೇ ದಿನ ಆಗಲಿಲ್ಲ. ಬೆಳಗಿನ ಸಮಾಧಾನ ಸಂಜೆಗೆ ಇಲ್ಲ. ‘ನನ್ನ ಬಳಿಗೆ ಬರುವವನನ್ನು ನಾನು ತಳ್ಳಿಬಿಡುವುದೇ ಇಲ್ಲ’ ಎಂಬ ಯೋಹಾನ 6:37ರ ಮಾತನ್ನು ಅವನು ಗಟ್ಟಿಯಾಗಿ ಹಿಡಿದ. ಎಂಥವನು ಬಂದರೆ ಎಂಬ ಷರತ್ತು ಅಲ್ಲಿಲ್ಲ, ಬರುವವನು ಎಂದಷ್ಟೇ ಇದೆ ಎಂದು ವಾದಿಸಿದ. ಒಂದು ದಿನ ‘ನನ್ನ ಕೃಪೆ ಸಾಕು’ ಎಂಬ ಮಾತು ಬಂತು. ‘ನಿನಗೆ’ ಎಂಬುದು ಅದರಲ್ಲಿ ಕೇಳಿಸಲಿಲ್ಲ. ವಾರಗಳ ಕಾಲ ಅದಕ್ಕಾಗಿ ಬೇಡಿದ. ಆಮೇಲೆ ಸಭೆಯಲ್ಲಿ ಕೂತಿದ್ದಾಗ ‘ನನ್ನ ಕೃಪೆಯೇ ನಿನಗೆ ಸಾಕು’ ಎಂದು ಮೂರು ಸಲ ಮನಸ್ಸಿಗೆ ಬಿತ್ತು.

ಏಸಾವನ ವಚನವೂ ಕೃಪೆಯ ವಚನವೂ ಒಟ್ಟಿಗೆ ತನ್ನೊಳಗೆ ಎದುರಾದರೆ ಯಾವುದು ಗೆಲ್ಲುತ್ತದೆ ಎಂದು ಅವನಿಗೆ ಕುತೂಹಲ, ಭಯ ಎರಡೂ. ಎರಡು ಮೂರು ದಿನಕ್ಕೆ ಹಾಗೇ ಆಯಿತು. ಒಂದಕ್ಕೊಂದು ಗುದ್ದಾಡಿದವು. ಏಸಾವನ ವಚನ ಸೊರಗಿ ಹಿಂದೆ ಸರಿಯಿತು. ಕೃಪೆಯದು ಉಳಿಯಿತು.

ಆಮೇಲೆ ಅವನು ಮಾಡಿದ ಕೆಲಸ ನನಗೆ ತುಂಬ ಇಷ್ಟ. ತನ್ನನ್ನು ಹೆದರಿಸಿದ ವಚನಗಳಿಂದ ಓಡುವುದನ್ನು ಬಿಟ್ಟು, ಒಂದೊಂದರ ಮುಂದೆ ಕೂತು ಪೂರ್ತಿ ಓದಿದ. ಇಬ್ರಿಯರಿಗೆ 6, 10, 12. ಅವುಗಳ ಮುಖವೇ ಬದಲಾಗಿತ್ತು, ಮೊದಲಿನಂತೆ ಗಂಟುಮುಖ ಇರಲಿಲ್ಲ ಎನ್ನುತ್ತಾನೆ. ಏಸಾವ ಯೋಚಿಸಿ ಮಾರಿದ, ತಿಂದ, ಕುಡಿದ, ಎದ್ದು ಹೋದ, ಆಮೇಲೂ ಅದನ್ನು ತಾತ್ಸಾರ ಮಾಡಿದ. ಅವನು ಅತ್ತದ್ದು ಕೈತಪ್ಪಿದ ಆಶೀರ್ವಾದಕ್ಕೆ. ಬನ್ಯನ್ ಅತ್ತದ್ದು ಕ್ರಿಸ್ತನಿಗೆ. 6ನೇ ಅಧ್ಯಾಯದ ಕಠಿಣ ಮಾತಿನ ಬೆನ್ನಲ್ಲೇ, 9ನೇ ವಚನದಲ್ಲಿ, ‘ಪ್ರಿಯರೇ’ ಎಂದು ಕರೆದು ನಿಮ್ಮ ವಿಷಯದಲ್ಲಿ ಇದಕ್ಕಿಂತ ಒಳ್ಳೆಯದನ್ನೇ ನಂಬಿದ್ದೇವೆ ಎಂದಿದೆ. ತುಂಡು ವಚನ ಕೊಲ್ಲುವಂತೆ ಕಂಡರೆ ಅಧ್ಯಾಯ ಪೂರ್ತಿ ಓದಿ.

ಇಷ್ಟಾದರೂ ಕೊಂಚ ಅಳುಕು ಉಳಿದಿತ್ತು. ಒಂದು ದಿನ ಹೊಲ ದಾಟಿ ಹೋಗುವಾಗ ಒಂದು ವಾಕ್ಯ ಹೊಳೆಯಿತು: ನಿನ್ನ ನೀತಿ ಪರಲೋಕದಲ್ಲಿದೆ. ಮನಸ್ಸಿನ ಕಣ್ಣಿಗೆ ಯೇಸು ದೇವರ ಬಲಗಡೆಯಲ್ಲಿ ಕಂಡ. ಆಗ ತಿಳಿಯಿತು. ನನ್ನ ಮನಸ್ಸು ಚೆನ್ನಾಗಿದ್ದ ದಿನ ನನ್ನ ನೀತಿ ಹೆಚ್ಚುವುದಿಲ್ಲ, ಮನಸ್ಸು ಕೆಟ್ಟ ದಿನ ಕಡಿಮೆಯಾಗುವುದಿಲ್ಲ. ಯಾಕೆಂದರೆ ನನ್ನ ನೀತಿ ಯೇಸು ಕ್ರಿಸ್ತನೇ, ಆತನು ನಿನ್ನೆ, ಈಹೊತ್ತು, ನಿರಂತರವೂ ಹಾಗೇ ಇದ್ದಾನೆ. ಕಾಲಿನ ಸಂಕೋಲೆ ನಿಜವಾಗಿಯೂ ಕಳಚಿ ಬಿದ್ದಿತು ಎಂದು ಬರೆದಿದ್ದಾನೆ. ಮನೆಗೆ ಹೋಗಿ ಆ ವಾಕ್ಯವನ್ನು ಸತ್ಯವೇದದಲ್ಲಿ ಹುಡುಕಿದ. ಅದೇ ಮಾತುಗಳಲ್ಲಿ ಸಿಗಲಿಲ್ಲ, ಎದೆ ಧಸಕ್ಕೆಂದಿತು. ಆದರೆ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ 1:30 ನೆನಪಾಯಿತು. ಕ್ರಿಸ್ತನು ನಮಗೆ ಜ್ಞಾನ, ನೀತಿ, ಶುದ್ಧೀಕರಣ, ವಿಮೋಚನೆ. ಸಾಕು ಎಂದ.

ಗಂಟೆಗೋಪುರದಿಂದ ಹಿಡಿದು ಆ ಬೆಳಿಗ್ಗೆಯವರೆಗೆ ಅವನು ತನ್ನ ಒಳಗನ್ನೇ ಅಗೆಯುತ್ತಿದ್ದ. ನಂಬಿಕೆ ಸಾಕಷ್ಟಿದೆಯೇ, ಪಶ್ಚಾತ್ತಾಪ ನಿಜವೇ, ಒಪ್ಪಿದೆನೇ ಇಲ್ಲವೇ. ಉತ್ತರ ಅಲ್ಲಿ ಸಿಗುವಂಥದ್ದೇ ಅಲ್ಲ. ಅಗೆಯುವುದು ನಿಂತದ್ದು ಹೃದಯ ಶುದ್ಧವಾಯಿತು ಎಂಬ ಪುರಾವೆ ಸಿಕ್ಕಿದ್ದರಿಂದಲ್ಲ, ಭದ್ರತೆ ತನ್ನ ಹೃದಯದಲ್ಲಿಲ್ಲ, ಕ್ರಿಸ್ತನಲ್ಲಿದೆ ಎಂದು ಕಂಡದ್ದರಿಂದ.

ಆಮೇಲೆ

ಯೋಚನೆಗಳು ಪೂರ್ತಿ ನಿಂತವೇ? ನಿಲ್ಲಲಿಲ್ಲ. ಸಭೆ ಸೇರಿ ಕರ್ತನ ಭೋಜನಕ್ಕೆ ಕೂತಾಗ, ಅದನ್ನೇ ದೂಷಿಸಬೇಕು, ಪಕ್ಕದಲ್ಲಿ ತಿನ್ನುತ್ತಿರುವವರಿಗೆ ಕೇಡು ಬಯಸಬೇಕು ಎಂಬ ಶೋಧನೆ ಮುಕ್ಕಾಲು ವರ್ಷ ಕಾಡಿತು. ಅವನು ಭೋಜನ ಬಿಡಲಿಲ್ಲ. ಬೋಧನೆಗೆ ನಿಂತ ಮೊದಲ ದಿನಗಳಲ್ಲಿ ತಾನೇ ಸಂಕೋಲೆಯಲ್ಲಿದ್ದುಕೊಂಡು ಸಂಕೋಲೆಯಲ್ಲಿರುವವರಿಗೆ ಬೋಧಿಸಿದೆ ಎಂದು ಹೇಳಿಕೊಂಡಿದ್ದಾನೆ. ‘ಮೊದಲು ಪೂರ್ತಿ ಸರಿಯಾಗುತ್ತೇನೆ, ಆಮೇಲೆ ಸಭೆಗೆ ಬರುತ್ತೇನೆ’ ಎನ್ನುವವರಿಗೆ ಇದು ಬೇಕಾದ ಸಂಗತಿ.

1660ರ ನವೆಂಬರ್‌ನಲ್ಲಿ, ಅನುಮತಿ ಇಲ್ಲದೆ ಬೋಧಿಸಿದ್ದಕ್ಕೆ ಬಂಧಿಸಿದರು. 1672ರವರೆಗೆ ಬೆಡ್‌ಫರ್ಡ್ ಜೈಲು. ಬೋಧನೆ ಬಿಡುತ್ತೇನೆ ಎಂದಿದ್ದರೆ ಹೊರಗೆ ಬರಬಹುದಿತ್ತು. ಕಣ್ಣು ಕಾಣದ ಮೇರಿಯನ್ನು ನೆನೆದರೆ ಅವನ ಎದೆ ಒಡೆಯುತ್ತಿತ್ತು. ಲಾಡಿ ಹೆಣೆದು ಮನೆಗೆ ದುಡ್ಡು ಕಳಿಸಿದ. ಮಾತು ಕೊಡಲಿಲ್ಲ. ಕ್ರಿಸ್ತನನ್ನು ಮಾರಿಬಿಟ್ಟೆ ಎಂದು ಎರಡು ವರ್ಷ ನಂಬಿದ್ದವನು, ಮಾರಲು ನಿಜವಾದ ಬೆಲೆ ಮುಂದಿಟ್ಟಾಗ ಹನ್ನೆರಡು ವರ್ಷ ಮಾರಲಿಲ್ಲ.

ಇದು ನಿಮ್ಮದೂ ಆಗಿದ್ದರೆ

ಮೊದಲು ಎರಡನ್ನು ಬೇರೆ ಮಾಡಿಕೊಳ್ಳಿ. ನಿಜವಾಗಿ ಬಯಸಿ, ದಾರಿ ಹುಡುಕಿ, ಮಾಡಿದ ಪಾಪ ಇದ್ದರೆ ಅದಕ್ಕೆ ಸುತ್ತುಬಳಸು ಬೇಡ. ಹೆಸರಿಟ್ಟು ಅರಿಕೆ ಮಾಡಿ, ಒಂದು ಸಲ. ಯೋಹಾನನ ಮೊದಲನೆಯ ಪತ್ರಿಕೆ 1:9 ಕ್ಷಮೆಗೆ ಆಧಾರವಾಗಿ ಇಡುವುದು ದೇವರ ನಂಬಿಗಸ್ತಿಕೆಯನ್ನು, ನಿಮ್ಮ ಅಳುವಿನ ಆಳವನ್ನಲ್ಲ. ಯಾರಿಗಾದರೂ ನಷ್ಟ ಮಾಡಿದ್ದರೆ ಸರಿಪಡಿಸಿ. ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ, ಯಾವ ಫೋನಿನಿಂದ ಬೀಳುತ್ತೀರೋ ಗೊತ್ತಿರುತ್ತದೆ. ಆ ದಾರಿ ಮುಚ್ಚಿ, ಒಬ್ಬ ನಂಬಿಕಸ್ಥರಿಗೆ ಹೇಳಿ. ಮತ್ತೆ ಬಿದ್ದರೆ ಮತ್ತೆ ಏಳಿ. ಪೇತ್ರ ಬೀಳುವ ಮುಂಚೆಯೇ ಯೇಸು ಅವನಿಗಾಗಿ ಬೇಡಿಕೊಂಡಿದ್ದ, ತಿರುಗಿಕೊಂಡ ಮೇಲೆ ಮಾಡಬೇಕಾದ ಕೆಲಸವನ್ನೂ ಹೇಳಿಟ್ಟಿದ್ದ. ಲೂಕ 22:32 ನೋಡಿ.

ಬೇಡದೆ ನುಗ್ಗುವ ಯೋಚನೆಯಾದರೆ ಅದರ ಜೊತೆ ವಾದಕ್ಕಿಳಿಯಬೇಡಿ. ಅರಿಕೆಯೂ ಬೇಡ, ಪುರಾವೆಯೂ ಬೇಡ. ‘ಬಂದೆಯಾ, ಇರು’ ಎಂದು ಬಿಟ್ಟು ಕೈಯಲ್ಲಿರುವ ಕೆಲಸ ಮುಂದುವರಿಸಿ. ಊಟ ಮಾಡುತ್ತಿದ್ದರೆ ಊಟ ಮುಗಿಸಿ. ಮೊದಲು ಎದೆ ಹೊಡೆದುಕೊಳ್ಳುತ್ತದೆ, ದೇವರಿಗೆ ಅಗೌರವ ಮಾಡಿದಂತೆ ಅನ್ನಿಸುತ್ತದೆ. ಅನ್ನಿಸಲಿ. ಉತ್ತರ ಸಿಗದ ಭಯ ನಿಧಾನವಾಗಿ ತಣ್ಣಗಾಗುತ್ತದೆ.

ಈ ಯೋಚನೆಗಳು ದಿನದ ಗಂಟೆಗಟ್ಟಲೆ ಸಮಯ ತಿನ್ನುತ್ತಿದ್ದರೆ, ನಿದ್ದೆ, ಕೆಲಸ ಕೆಡಿಸುತ್ತಿದ್ದರೆ ಮನೋವೈದ್ಯರನ್ನು ಕಾಣಿ. ಗೀಳು ಕಾಯಿಲೆ, ಓಸಿಡಿ ಎಂದು ಕರೆಯುವ ತೊಂದರೆ ಧರ್ಮದ ವಿಷಯವನ್ನೇ ಹಿಡಿದುಕೊಂಡು ಬರುವುದೂ ಉಂಟು. ಮುನ್ನೂರೈವತ್ತು ವರ್ಷಗಳ ಆಚೆಯಿಂದ ಬನ್ಯನ್‌ಗೆ ಕಾಯಿಲೆಯ ಚೀಟಿ ಅಂಟಿಸುವುದು ನನಗೆ ಸರಿ ಕಾಣದು. ಆದರೆ ಈ ತೊಂದರೆ ಇರುವವರು ಅವನ ಬರಹದಲ್ಲಿ ತಮ್ಮನ್ನೇ ಕಾಣುತ್ತಾರೆ. ಇದಕ್ಕೆ ಔಷಧಿ ಇದೆ. ಭಯವನ್ನು ಎದುರಿಸುತ್ತಾ, ಸಮಾಧಾನಕ್ಕಾಗಿ ಮಾಡುವ ಆಚರಣೆಯನ್ನು ತಡೆಹಿಡಿಯುವ ಥೆರಪಿಯೂ ಇದೆ. ಅದನ್ನು ಪಡೆಯುವುದು ನಂಬಿಕೆಯ ಸೋಲಲ್ಲ. ಸಾಯುವ ಯೋಚನೆ ಬರುತ್ತಿದ್ದರೆ ಇವತ್ತೇ ಒಬ್ಬರಿಗೆ ಬಾಯಿಬಿಟ್ಟು ಹೇಳಿ.

ನಿಮ್ಮ ಹತ್ತಿರ ಯಾರಾದರೂ ಹೀಗೆ ಹೇಳಿಕೊಂಡು ಬಂದರೆ ಗಾಬರಿಯಾಗಬೇಡಿ. ಮುಖದಲ್ಲಿ ಆಘಾತ ತೋರಿಸಬೇಡಿ. ಉಪವಾಸ ಜಾಸ್ತಿ ಮಾಡು, ಇನ್ನೂ ಆಳವಾಗಿ ಹೃದಯ ಪರೀಕ್ಷಿಸು ಎಂದು ಹೊರೆ ಹೇರಬೇಡಿ. ಪೂರ್ತಿ ಕೇಳಿ. ‘ಯೇಸು ಬೇಡ ಅಂತ ಅನ್ನಿಸುತ್ತಿದೆಯಾ, ಅಥವಾ ಯೇಸುವನ್ನು ಕಳೆದುಕೊಂಡೆ ಅಂತ ಅಳು ಬರುತ್ತಿದೆಯಾ?’ ಎಂದು ಕೇಳಿ. ಉತ್ತರ ಬಹುಪಾಲು ಎರಡನೆಯದೇ ಆಗಿರುತ್ತದೆ. ಆಗ ಯೋಹಾನ 6:37 ತೆರೆದು ಜೊತೆಗೆ ಓದಿ. ನಾಳೆ ಅದೇ ಪ್ರಶ್ನೆ ಹಿಡಿದು ಮತ್ತೆ ಬಂದರೆ ಹೊಸ ವಾದ ಹುಡುಕಬೇಡಿ. ‘ನಿನ್ನೆ ಓದಿದೆವಲ್ಲ, ಅದು ಇವತ್ತೂ ನಿಜ’ ಎಂದು ಹೇಳಿ, ಬೇರೆ ಮಾತಾಡುತ್ತಾ ಒಂದಿಷ್ಟು ದೂರ ಜೊತೆಗೆ ನಡೆಯಿರಿ.